ಊರಿನವರು ನಿಮ್ಮನ್ನು ಯಾರು ಅಂದುಕೊಂಡರು? ಸೇವಾ ಕಲಿಕೆಯ ಸಂಶೋಧಕರಿಗೆ ಒಂದು ಮಾರ್ಗದರ್ಶಿ

ಪ್ರತಿ ವರ್ಷ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಂದ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗುತ್ತಾರೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪ್, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಫೀಲ್ಡ್‌ವರ್ಕ್, ನರ್ಸಿಂಗ್‌ನವರ ಪೋಸ್ಟಿಂಗ್, ಹೀಗೆ ಒಂದಲ್ಲ ಒಂದು ನೆಪ. ಚರಂಡಿ ಕ್ಲೀನ್ ಮಾಡುತ್ತಾರೆ, ಗಿಡ ನೆಡುತ್ತಾರೆ, ಬೀದಿ ನಾಟಕ ಆಡುತ್ತಾರೆ. ಊರಿಗೆ ಕೆಲಸ, ವಿದ್ಯಾರ್ಥಿಗೆ ಪಾಠ. ಇದನ್ನೇ ಸೇವಾ ಕಲಿಕೆ ಅನ್ನುತ್ತಾರೆ. ಅಮೆರಿಕದಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ 1967ರ ಸುಮಾರಿಗೆ ಈ ಹೆಸರನ್ನು ಬಳಕೆಗೆ ತಂದರು. ನಮ್ಮಲ್ಲಿ 1969ರಲ್ಲಿ, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಯಿತು. ವರ್ಷಕ್ಕೆ 120 ಗಂಟೆ ಸೇವೆ, 7 ದಿನದ ವಿಶೇಷ ಶಿಬಿರ. ಈ ಲೆಕ್ಕ ಸ್ವಯಂಸೇವಕರಿಗೆಲ್ಲ ಬಾಯಿಪಾಠ.

ಕ್ಯಾಂಪ್ ಹೇಗೆ ನಡೆಸಬೇಕು ಅನ್ನುವವರಿಗೆ ಬೇರೆ ಕೈಪಿಡಿಗಳಿವೆ. ಆ ಕ್ಯಾಂಪ್‌ನಿಂದ ಯಾರು ಏನು ಕಲಿತರು, ಊರಿಗೆ ಏನು ದಕ್ಕಿತು ಅಂತ ಸಂಶೋಧನೆ ಮಾಡಲು ಹೊರಟವರಿಗೆ ಈ ಬರಹ. ಅದೂ ಗುಣಾತ್ಮಕ ಸಂಶೋಧನೆ. ಅಂದರೆ ಪ್ರಶ್ನಾವಳಿಗೆ ಟಿಕ್ ಹಾಕಿಸಿಕೊಂಡು ಬರುವುದಲ್ಲ. ಜನರ ಜೊತೆ ಕೂತು, ಕೇಳಿ, ನೋಡಿ ಬರೆಯುವುದು. ಇಲ್ಲಿ ಅಳೆಯುವ ಸಾಧನ ನೀವೇ. ಆದ್ದರಿಂದ ನಿಮ್ಮ ಬಗ್ಗೆ ನಿಮಗೆ ಅರಿವಿರಬೇಕು ಅಂತ ಪ್ರಬಂಧ ಮಾಡಿಸುವ ಎಲ್ಲ ಗೈಡ್‌ಗಳೂ ಹೇಳುತ್ತಾರೆ.

ಹೇಳಿದ ಮೇಲೆ ಏನಾಗುತ್ತದೆ ಗೊತ್ತಾ? ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಬರುತ್ತದೆ. ‘ಸಂಶೋಧಕಿ ನಗರದ ಮಧ್ಯಮ ವರ್ಗದ ಹಿನ್ನೆಲೆಯವರು, ಸ್ನಾತಕೋತ್ತರ ಪದವೀಧರೆ...’ ಬಯೋಡೇಟಾ ಥರ. ಆಮೇಲೆ ಇನ್ನೂರು ಪುಟದಲ್ಲಿ ಆ ವಿಷಯ ಮತ್ತೆ ಬರುವುದೇ ಇಲ್ಲ. ಇದರಿಂದ ಯಾರಿಗೂ ಉಪಯೋಗವಿಲ್ಲ. ನೀವು ಯಾರು ಅನ್ನುವುದಕ್ಕಿಂತ ಊರಿನವರು ನಿಮ್ಮನ್ನು ಯಾರು ಅಂದುಕೊಂಡರು ಅನ್ನುವುದು ಮುಖ್ಯ. ಅವರು ಆಡಿದ ಮಾತೆಲ್ಲ ಆ ಅಂದಾಜಿನ ಮೇಲೆಯೇ ನಿಂತಿರುತ್ತದೆ. ಅದನ್ನು ಪತ್ತೆ ಹಚ್ಚುವುದು ಹೇಗೆ, ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಬೇರೆ ಸಂಸ್ಕೃತಿಯ ನಡುವಿನ ಅಧ್ಯಯನ ಅಂದಕೂಡಲೇ ವಿದೇಶ ನೆನಪಾಗುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಹುಡುಗಿ ಜಗಳೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ (ಕಾಡುಗೊಲ್ಲರ ವಸತಿಗೆ) ಹೋದರೆ ಸಾಕು. ನ್ಯಾಮತಿ ಕಡೆಯ ಲಂಬಾಣಿ ತಾಂಡಾ, ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರುವ ಹಟ್ಟಿಗಳು, ದಾವಣಗೆರೆ ಹಳೇ ಊರಿನಲ್ಲಿ ಉರ್ದು ಮಾತಾಡುತ್ತಾ ಬೀಡಿ ಕಟ್ಟುವ ಹೆಣ್ಣುಮಕ್ಕಳು. ಬಸ್ಸಿನಲ್ಲಿ ಒಂದೆರಡು ತಾಸು ಹೋದರೆ ಊಟ, ಮಾತು, ದೇವರು, ನಾಚಿಕೆ ಎಲ್ಲವೂ ಬೇರೆ.

1. ಹೊರಡುವ ಮೊದಲು ಒಂದು ಹಾಳೆ

ಊರಿಗೆ ಕಾಲಿಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮಗೆ ಏನು ಸಿಗಬೇಕು ಅಂತ ಆಸೆ ಇದೆಯೋ ಅದನ್ನು ಬರೆಯಿರಿ. ‘ಏನು ಸಿಗಬಹುದು’ ಅಲ್ಲ, ‘ಏನು ಸಿಗಬೇಕು’. ಸುಮ್ನೆ ನಾಜೂಕಾಗಿ ಬರೆಯಬೇಡಿ. ‘ಕ್ಯಾಂಪ್‌ಗೆ ಹೋದ ಹುಡುಗರು ಬದಲಾದರು ಅಂತ ತೋರಿಸಬೇಕು’ ಅಂತಿದ್ದರೆ ಹಾಗೇ ಬರೆಯಿರಿ. ‘ಇದೆಲ್ಲ ಫೋಟೋ ತೆಗೆಸಿಕೊಳ್ಳೋ ನಾಟಕ ಅಂತ ಸಾಬೀತು ಮಾಡಬೇಕು’ ಅಂತಿದ್ದರೂ ಹಾಗೇ. ಕೆಳಗೆ ತಾರೀಖು ಹಾಕಿ, ಮಡಚಿ ಇಡಿ. ಇದರ ಕೆಲಸ ಕೊನೆಗೆ ಬರುತ್ತದೆ.

ಅದೇ ಹಾಳೆಯ ಹಿಂದೆ ಸಂಬಂಧಗಳನ್ನು ಬರೆಯಿರಿ. ಕ್ಯಾಂಪ್ ಮಾಡಿದ ಕಾಲೇಜು ನಿಮಗೇನಾಗಬೇಕು? ನೀವು ಅಲ್ಲಿ ಓದಿದವರಾ, ಪಾಠ ಮಾಡುವವರಾ, ನೀವೇ ಎನ್‌ಎಸ್‌ಎಸ್ ಅಧಿಕಾರಿಯಾ? ವರದಿ ಚೆನ್ನಾಗಿ ಬಂದರೆ ಯಾರಿಗೆ ಲಾಭ? ನಮ್ಮ ಎರಡೂ ಜಿಲ್ಲೆಗಳಲ್ಲಿ ಮಠಗಳು ನಡೆಸುವ ಶಾಲೆ ಕಾಲೇಜುಗಳು ಜಾಸ್ತಿ. ಊರಿನವರು ಅದೇ ಮಠದ ಭಕ್ತರಾಗಿದ್ದರೆ ಆ ಕಾಲೇಜಿನ ಹುಡುಗರ ಬಗ್ಗೆ ಒಂದು ಕೊಂಕು ಮಾತೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಆ ಭಕ್ತಿ ನಿಜವೇ. ಆದರೆ ಅದು ಕ್ಯಾಂಪ್‌ಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ.

ಸೇವೆ ಅನ್ನುವುದರ ಮೇಲೆ ನಮಗಿರುವ ಗೌರವವೂ ಕಣ್ಣಿಗೆ ಅಡ್ಡ ಬರುತ್ತದೆ. ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆ ಸೇವೆಗೆ ಹೋಗುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಚಿಂತಕ ಇವಾನ್ ಇಲಿಚ್ 1968ರಲ್ಲಿ ಮಾಡಿದ ಭಾಷಣ ಇವತ್ತಿಗೂ ಚುಚ್ಚುತ್ತದೆ. ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಸಹಾಯ ಮಾಡುತ್ತೇವೆ ಅಂತ ಮಾತ್ರ ಬರಬೇಡಿ ಅನ್ನುವುದು ಅವರ ಮಾತಿನ ಸಾರ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಫ್ಲೋರೈಡ್ ನೀರಿನ ಬಗ್ಗೆ ತಿಳಿಸಲು ಬಂದ ವಿದ್ಯಾರ್ಥಿಯಿಂದ ಊರಿಗೆ ನಷ್ಟವೇನಿಲ್ಲ. ಆದರೆ ಸೇವೆ ಮಾಡಿಸಿಕೊಂಡವರಿಗೂ ಒಂದು ಕಷ್ಟ ಇರಬಹುದು ಅನ್ನುವ ಅನುಮಾನ ಸಂಶೋಧಕರಿಗೆ ಬೇಕೇ ಬೇಕು.

2. ಯಾರ ಬೈಕಿನ ಹಿಂದೆ ಕೂತು ಹೋದಿರಿ?

ಇದು ಸಣ್ಣ ವಿಷಯ ಅಂತ ಕಾಣಬಹುದು. ಅಲ್ಲ. ಪಂಚಾಯ್ತಿ ಸದಸ್ಯರ ಬೈಕಿನಲ್ಲಿ ಹೋದರೆ ನೀವು ಅವರ ಕಡೆಯವರು. ಪಿಡಿಒ ಜೊತೆ ಹೋದರೆ ಸರ್ಕಾರದವರು. ಮೇಷ್ಟ್ರ ಜೊತೆ ಹೋದರೆ ಪರವಾಗಿಲ್ಲ, ಆದರೆ ಶಾಲೆ ಬಿಡಿಸಿದ ಮಕ್ಕಳ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಯಾವ ಕಟ್ಟೆಯ ಮೇಲೆ ಕೂತಿರಿ, ಯಾರ ಮನೆಯಲ್ಲಿ ಚಾ ಕುಡಿದಿರಿ, ಯಾರ ಮನೆಯಲ್ಲಿ ‘ಬ್ಯಾಡ, ಈಗ ತಾನೇ ಆತು’ ಅಂದಿರಿ, ಇದೆಲ್ಲ ಸಂಜೆಯೊಳಗೆ ಊರಿಗೆ ಗೊತ್ತಾಗಿರುತ್ತದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಅವರು ಮೈಸೂರಿನವರೇ, ಊರಿನ ಭಾಷೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಊರ ಯಜಮಾನರ ಆಸರೆಯಲ್ಲಿದ್ದ ಬ್ರಾಹ್ಮಣ ಅನ್ನುವ ಕಾರಣಕ್ಕೆ ಅವರು ಹೇಗಿರಬೇಕು, ಯಾರ ಜೊತೆ ಎಷ್ಟು ಬೆರೆಯಬಹುದು ಅನ್ನುವುದರಲ್ಲಿ ಊರಿನ ಕೈವಾಡ ಇತ್ತು. ತಾನು ಕಂಡ ಊರು ಹೆಚ್ಚಾಗಿ ಮೇಲಿನ ಜಾತಿಗಳ ಕಡೆಯಿಂದ ಕಂಡ ಊರು ಅಂತ ಮುಂದೆ ಅವರೇ ಒಪ್ಪಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರಿಗೇ ಹೀಗಾದ ಮೇಲೆ ನಮ್ಮ ನಿಮ್ಮ ಪಾಡು ಕೇಳಬೇಕೇ?

ಮೊದಲ ದಿನವೇ ಒಂದು ನಕ್ಷೆ ಮಾಡಿ. ಯಾರು ಪರಿಚಯ ಮಾಡಿಸಿದರು, ಏನಂತ ಮಾಡಿಸಿದರು (‘ಯೂನಿವರ್ಸಿಟಿಯೋರು, ನಮ್ಮೂರು ಉದ್ಧಾರ ಮಾಡಾಕೆ ಬಂದಾರೆ’ ಅಂದರೋ ಏನೋ), ಎಲ್ಲಿ ಕೂರಿಸಿದರು, ಯಾವ ಓಣಿಗೆ ಕರೆದುಕೊಂಡು ಹೋಗಲಿಲ್ಲ. ಎರಡನೇ ಸಲ ಬೇರೆ ಬಾಗಿಲಿನಿಂದ ಹೋಗಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ಮಾರುವವರು. ಎರಡು ಬಾಗಿಲಲ್ಲಿ ಎರಡು ಊರು ಕಾಣುತ್ತದೆ.

‘ಯಾರ ಪೈಕಿ ನೀವು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಕೆಲವರು ‘ನಾವೆಲ್ಲ ಮನುಷ್ಯರಲ್ವಾ ಅಜ್ಜಾ’ ಅಂತ ಭಾಷಣ ಮಾಡುತ್ತಾರೆ. ಕೇಳಿದವರಿಗೆ ಅದರಲ್ಲೇ ಉತ್ತರ ಸಿಕ್ಕಿರುತ್ತದೆ, ತಪ್ಪೋ ಸರಿಯೋ. ಕೆಲವರು ಸುಳ್ಳು ಹೇಳುತ್ತಾರೆ. ಎರಡೂ ಬೇಡ. ಹೇಳಲು ನಿಮಗೆ ಅಡ್ಡಿ ಇಲ್ಲದಿದ್ದರೆ ಇದ್ದದ್ದು ಹೇಳಿ. ಹೇಳಿದರೆ ಅವಮಾನವೋ ಅಪಾಯವೋ ಆಗುತ್ತದೆ ಅನ್ನಿಸಿದರೆ ಹೇಳಲೇಬೇಕು ಅಂತ ಯಾವ ಸಂಶೋಧನಾ ವಿಧಾನವೂ ಕೇಳುವುದಿಲ್ಲ. ಹೇಳಿದ ಮೇಲೆ ಮಾತು ಎತ್ತ ತಿರುಗಿತು, ಬಹುವಚನ ಏಕವಚನವಾಯಿತಾ, ನೀರಿನ ಲೋಟ ಬಂತಾ, ಅದನ್ನು ಬರೆದುಕೊಳ್ಳಿ. ನಿಮಗೆ ಬೇಕಾದ ಮಾಹಿತಿ ಅದೇ.

3. ಎಡಪುಟ, ಬಲಪುಟ

ಒಂದು ಉದ್ದ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು. ಬಲಪುಟದಲ್ಲಿ ನಿಮ್ಮೊಳಗೆ ಆದದ್ದು. ಸಿಟ್ಟು, ಕನಿಕರ, ಬೇಜಾರು, ಹೆಮ್ಮೆ, ಹಸಿವು ಸಹ. ಅದೇ ರಾತ್ರಿ ಬರೆಯಬೇಕು. ಮರುದಿನದ ಹೊತ್ತಿಗೆ ಮನಸ್ಸು ತನ್ನ ಪರವಾಗಿ ತೇಪೆ ಹಾಕಿಕೊಂಡಿರುತ್ತದೆ.

ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಹೆಸರಾದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಅವರ ಖಾಸಗಿ ಡೈರಿ 1967ರಲ್ಲಿ, ಅವರು ತೀರಿಕೊಂಡು ಇಪ್ಪತ್ತೈದು ವರ್ಷವಾದ ಮೇಲೆ, ಅಚ್ಚಾಯಿತು. ಅಲ್ಲಿನ ಜನರ ಮೇಲೆ ಅವರಿಗಿದ್ದ ರೇಗಾಟ ಅದರಲ್ಲಿ ಹಸಿಹಸಿಯಾಗಿತ್ತು. ಮಾನವಶಾಸ್ತ್ರದವರು ತಬ್ಬಿಬ್ಬಾದರು. ನನಗೆ ಅನ್ನಿಸುವುದು, ರೇಗಿದ್ದು ತಪ್ಪೇನಲ್ಲ. ಆ ರೇಗಾಟ ಅವರ ಪುಸ್ತಕಗಳ ಒಳಗೆ ಎಲ್ಲಿ ಸೇರಿಕೊಂಡಿತ್ತು ಅಂತ ಓದುಗರಿಗೆ ಗೊತ್ತಾಗುವ ದಾರಿ ಇರಲಿಲ್ಲವಲ್ಲ, ತೊಂದರೆ ಅಲ್ಲಿದೆ.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಬಾಣಂತಿಯರು ಹಟ್ಟಿಯ ಹೊರಗೆ ಇರುವ ಪದ್ಧತಿ ಇದೆ. ಜಾಗೃತಿ ಕಾರ್ಯಕ್ರಮಕ್ಕೆ ವಿದ್ಯಾರ್ಥಿನಿಯರ ತಂಡ ಬಂದಿದೆ ಅಂತ ಇಟ್ಟುಕೊಳ್ಳಿ. ನೀವು ಆ ಕಾರ್ಯಕ್ರಮದ ಮೇಲೆ ಸಂಶೋಧನೆ ಮಾಡುತ್ತಿದ್ದೀರಿ. ಎಡಪುಟದಲ್ಲಿ ಹೀಗೆ ಬರುತ್ತದೆ: ‘ಹಿರಿಯ ಹೆಂಗಸು ಹೇಳಿದ್ದು, ಈಗೆಲ್ಲ ಯಾರೂ ಪಾಲ್ಸಲ್ಲ ಬಿಡವ್ವ. ಆಕೆಯ ಸೊಸೆ ನೆಲ ನೋಡುತ್ತಿದ್ದಳು.’ ಬಲಪುಟದಲ್ಲಿ: ‘ಬರುವಾಗ ದಾರಿಯಲ್ಲಿ ಗುಡಿಸಲು ನೋಡಿದ್ದೆ. ಸಿಟ್ಟು ಬಂದಿತ್ತು. ನನ್ನ ಪ್ರಶ್ನೆ ಪೊಲೀಸರ ಪ್ರಶ್ನೆ ಥರ ಇತ್ತು.’

ಈಗ ಎರಡೂ ಪುಟ ಜೋಡಿಸಿ ಓದಿ. ಇಂಥ ಪದ್ಧತಿಗೆ ಒತ್ತಾಯ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ. ಅಧಿಕಾರಿಗಳು, ಟಿವಿಯವರು ಹಟ್ಟಿಗೆ ಬಂದು ಹೋಗಿದ್ದಾರೆ. ನೋಟ್‌ಬುಕ್ ಹಿಡಿದ ನೀವು ಆ ಅಜ್ಜಿಯ ಕಣ್ಣಿಗೆ ಕಂಪ್ಲೇಂಟ್ ಕೊಡುವವರು. ‘ಯಾರೂ ಪಾಲಿಸಲ್ಲ’ ಅನ್ನುವುದು ನಿಮಗೆ ಸಿಕ್ಕ ಉತ್ತರ ಅಲ್ಲ, ಅಧಿಕಾರಕ್ಕೆ ಕೊಟ್ಟ ಉತ್ತರ. ಅದನ್ನು ‘ಜಾಗೃತಿ ಕಾರ್ಯಕ್ರಮದ ಪರಿಣಾಮ’ ಅಂತ ಅಧ್ಯಾಯದಲ್ಲಿ ಬರೆದುಬಿಟ್ಟರೆ ಮುಗಿಯಿತು!

ಒಂದು ವಿಷಯ ಸ್ಪಷ್ಟವಾಗಿರಲಿ. ಸಿಟ್ಟು ಬರಬಾರದು ಅಂತ ನಾನು ಹೇಳುತ್ತಿಲ್ಲ. ಮಳೆಯಲ್ಲಿ ಎಳೆ ಮಗುವಿನ ಜೊತೆ ಗುಡಿಸಲಲ್ಲಿರುವ ಬಾಣಂತಿಯ ಕಷ್ಟವನ್ನು ‘ಅವರ ಸಂಸ್ಕೃತಿ’ ಅಂತ ಪಕ್ಕಕ್ಕಿಡುವುದು ಇನ್ನೊಂದು ಥರದ ಕುರುಡು. ನಿಮ್ಮ ಸಿಟ್ಟು ಯಾವ ಪ್ರಶ್ನೆಯೊಳಗೆ ನುಸುಳಿತು, ಆ ಪ್ರಶ್ನೆ ಯಾರ ಬಾಯಿ ಮುಚ್ಚಿಸಿತು ಅನ್ನುವುದು ಗೊತ್ತಿರಬೇಕು. ಸೊಸೆಯ ಜೊತೆ ಬೇರೆ ದಿನ, ಬೇರೆ ಕಡೆ, ಬೇರೆ ಮಾತಿನಿಂದ ಶುರುಮಾಡಬೇಕು ಅಂತ ಆಗ ತಾನಾಗಿಯೇ ಹೊಳೆಯುತ್ತದೆ. ಬಲಪುಟದ ಲಾಭ ಇಷ್ಟೇ, ಆದರೆ ಇದು ಸಣ್ಣ ಲಾಭವಲ್ಲ.

4. ‘ಚಲೋ ಆತು ಬಿಡ್ರಿ ಸಾರ್’

ಕ್ಯಾಂಪ್ ಹೇಗಿತ್ತು ಅಂತ ಕೇಳಿದರೆ ಸಿಗುವ ಉತ್ತರ ಇದು. ‘ಹುಡುಗ್ರು ಭಾಳ ಒಳ್ಳೇರು.’ ಮನೆಗೆ ಬಂದವರ ಎದುರು ಇನ್ನೇನು ಹೇಳುತ್ತಾರೆ? ವಿದ್ಯಾರ್ಥಿಗಳದ್ದೂ ಅದೇ ಕಥೆ. ‘ಹಳ್ಳಿ ಜೀವನದ ಅನುಭವ ಆಯ್ತು ಮೇಡಂ, ಸಹಬಾಳ್ವೆ ಕಲಿತೆವು.’ ಈ ವಾಕ್ಯ ಸಮಾರೋಪ ಸಮಾರಂಭದ ಅನಿಸಿಕೆಯಲ್ಲಿ ಹೇಳಿದ್ದೇ.

ಆದ್ದರಿಂದ ಅಭಿಪ್ರಾಯ ಕೇಳುವುದು ಬಿಡಿ. ನಡೆದದ್ದು ಕೇಳಿ. ತೋಡಿದ ಇಂಗುಗುಂಡಿ ಈಗ ಹೇಗಿದೆ? ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕಿದವರು ಯಾರು? ಹುಡುಗರು ಶಾಲೆಯಲ್ಲಿ ಮಲಗಿದ್ದಾಗ ಅಡಿಗೆ ಯಾರು ಮಾಡಿದರು, ಪಾತ್ರೆ ಯಾರು ತೊಳೆದರು? ಊಟಕ್ಕೆ ಯಾವ ಓಣಿಯವರು ಬಂದರು, ಯಾರು ಬರಲಿಲ್ಲ? ಕ್ಯಾಂಪ್ ಬಂದದ್ದು ಶೇಂಗಾ ಕೀಳುವ ಹೊತ್ತಿಗಾ, ಮೆಕ್ಕೆಜೋಳ ಮುರಿಯುವ ಹೊತ್ತಿಗಾ? ಸಭೆಗೆ ಬಂದು ಕೂತವರಿಗೆ ಅವತ್ತಿನ ಕೂಲಿ ಹೋಯಿತಾ? ಕಾಲೇಜಿನ ಕ್ಯಾಲೆಂಡರ್ ಬೇರೆ, ಹೊಲದ ಕ್ಯಾಲೆಂಡರ್ ಬೇರೆ. ಸಮಯ ಗೊತ್ತುಮಾಡಿದ್ದು ಯಾರು ಅಂತ ಕೇಳಿದರೆ ಸೇವೆ ಯಾರಿಗಾಗಿ ಅನ್ನುವುದು ಅರ್ಧ ಬಯಲಾಗುತ್ತದೆ.

ಸಂದರ್ಶನ ಮುಗಿದು, ರೆಕಾರ್ಡರ್ ಎತ್ತಿಡುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ. ‘ನಾನು ಯಾರು, ಯಾಕೆ ಬಂದೀನಿ ಅಂತ ಊರಲ್ಲಿ ಏನು ಮಾತಾಡ್ಕೊಂಡ್ರಿ?’ ಮೊದಲು ನಗುತ್ತಾರೆ. ಆಮೇಲೆ ಹೇಳುತ್ತಾರೆ. ಲೋನ್ ಕೊಡುವವರು ಅಂದುಕೊಂಡೆವು. ಮನೆ ಮಂಜೂರು ಮಾಡುವವರು ಅಂದುಕೊಂಡೆವು. ಬಿಪಿಎಲ್ ಕಾರ್ಡ್ ರದ್ದು ಮಾಡುವವರು ಅಂತ ಯಾರೋ ಅಂದರು. ಮೂರೂ ಬೇರೆ ಬೇರೆ ಸಂಶೋಧನೆಗಳು! ಮನೆ ಮಂಜೂರು ಮಾಡುವವರು ಅಂದುಕೊಂಡವರು ಸೋರುವ ಸೂರು ತೋರಿಸಿರುತ್ತಾರೆ. ಕಾರ್ಡ್ ಹೋಗುತ್ತದೆ ಅಂದುಕೊಂಡವರು ಬೈಕನ್ನು ಹಿತ್ತಲಿಗೆ ತಳ್ಳಿರುತ್ತಾರೆ. ಈ ಉತ್ತರ ಸಿಕ್ಕ ಮೇಲೆ ಅದೇ ಸಂದರ್ಶನವನ್ನು ಮೊದಲಿನಿಂದ ಮತ್ತೆ ಕೇಳಿ. ಅರ್ಥಗಳು ಜಾಗ ಬದಲಾಯಿಸುತ್ತವೆ.

5. ನಿಮ್ಮದೇ ಊರಾದರೆ

‘ನಾನು ಅದೇ ತಾಂಡಾದವನು, ನನಗೆ ಈ ಸಮಸ್ಯೆ ಇಲ್ಲ’ ಅನ್ನುವವರಿದ್ದಾರೆ. ಒಳಗಿನವರಿಗೆ ಮಾತ್ರ ಸತ್ಯ ಕಾಣುತ್ತದಾ, ಹೊರಗಿನವರಿಗೂ ಕಾಣುತ್ತದಾ ಅನ್ನುವ ಜಗಳ ಹಳೆಯದು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1972ರಲ್ಲೇ ಇದರ ಬಗ್ಗೆ ಬರೆದು, ಯಾರೂ ಪೂರ್ತಿ ಒಳಗಿನವರೂ ಅಲ್ಲ, ಪೂರ್ತಿ ಹೊರಗಿನವರೂ ಅಲ್ಲ ಅಂತ ತೋರಿಸಿಕೊಟ್ಟರು. ತಾಂಡಾದ ಹುಡುಗ ನಿಜ, ಆದರೆ ಈಗ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಕೂಲಿಯವರ ಗುಂಪಿನ ಜೊತೆ ಕಬ್ಬು ಕಡಿಯಲು ಗುಳೆ ಹೋಗುವ ಅವನ ಓರಗೆಯವರಿಗೆ ಅವನು ಎಷ್ಟು ಒಳಗಿನವನು?

ಒಳಗಿನವರ ದೊಡ್ಡ ತೊಂದರೆ ‘ನಿಂಗೇ ಗೊತ್ತಲ್ಲ’ ಅನ್ನುವ ಮಾತು. ಹೊರಗಿನವರಿಗೆ ಅರ್ಧ ಗಂಟೆ ವಿವರಿಸುವುದನ್ನು ನಿಮಗೆ ಒಂದು ಮಾತಿನಲ್ಲಿ ಮುಗಿಸುತ್ತಾರೆ. ನೀವೂ ತಲೆ ಆಡಿಸುತ್ತೀರಿ. ಸಾಧ್ಯವಾದರೆ ಒಮ್ಮೆ ಬೇರೆ ಕಡೆಯ ಗೆಳೆಯರನ್ನು ಕರೆದುಕೊಂಡು ಹೋಗಿ, ‘ಇವ್ರಿಗೆ ಗೊತ್ತಿಲ್ಲ ಕಾಕಾ, ಸ್ವಲ್ಪ ಬಿಡಿಸಿ ಹೇಳು’ ಅನ್ನಿ. ನಿಮಗೇ ಗೊತ್ತಿಲ್ಲದ್ದು ಹೊರಗೆ ಬರುತ್ತದೆ. ಇನ್ನು ನಿಮ್ಮ ಮನೆತನಕ್ಕೂ ಊರಿನ ಇನ್ನೊಂದು ಮನೆತನಕ್ಕೂ ಹಳೇ ಬದುವಿನ ಜಗಳ ಇದ್ದರೆ ಆ ಮನೆಯವರ ಸಂದರ್ಶನ ಬೇರೆಯವರಿಂದ ಮಾಡಿಸಿ.

6. ಮಾತು ಬೇರೆಯಾದಾಗ

ತೆಲುಗು, ಲಂಬಾಣಿ, ಉರ್ದು ಬಾರದಿದ್ದರೆ ಜೊತೆಗೊಬ್ಬರು ಬೇಕು. ಸಾಮಾನ್ಯವಾಗಿ ಕ್ಯಾಂಪ್‌ಗೆ ಬಂದಿದ್ದ ವಿದ್ಯಾರ್ಥಿಯೇ ಸಿಗುತ್ತಾನೆ. ಅವನು ನಿಮ್ಮ ಸಂಶೋಧನೆಯ ಒಬ್ಬ ಪಾತ್ರಧಾರಿ ಅನ್ನುವುದನ್ನು ಮರೆಯಬೇಡಿ. ಕ್ಯಾಂಪ್ ಬಗ್ಗೆ ಬೈದದ್ದನ್ನು ಅವನು ನಿಮಗೆ ದಾಟಿಸುತ್ತಾನೆಯೇ? ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ, ಆ ಭಾಷೆ ಬಲ್ಲ ಇನ್ನೊಬ್ಬರಿಂದ ಒಂದಷ್ಟು ಭಾಗ ಕೇಳಿಸಿ. ಎರಡು ನಿಮಿಷ ಮಾತಾಡಿದ್ದು ಒಂದು ವಾಕ್ಯವಾಗಿ ಬಂದ ಕಡೆಗಳಿಗೆ ಗುರುತು ಹಾಕಿ. ಹೆಣ್ಣುಮಕ್ಕಳ ಮಾತಿಗೆ ಹೆಣ್ಣುಮಕ್ಕಳೇ ಜೊತೆಗಿರಲಿ.

7. ಮಾರ್ಕ್ಸ್ ನಿಮ್ಮ ಕೈಲಿದ್ದರೆ

ಪಾಠ ಮಾಡುವವರೇ ಸಂಶೋಧಕರಾದಾಗ ವಿದ್ಯಾರ್ಥಿ ‘ಇಲ್ಲ’ ಅನ್ನುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಕಳಿಸಿಯಾಗುವ ತನಕ ನಿಮ್ಮ ತರಗತಿಯವರನ್ನು ಸಂದರ್ಶನ ಮಾಡಬೇಡಿ. ಅದು ಆಗದಿದ್ದರೆ ಬೇರೆ ವಿಭಾಗದ ಸಹೋದ್ಯೋಗಿಯಿಂದ ಮಾಡಿಸಿ, ಹೆಸರು ತೆಗೆದ ಮೇಲೆ ಓದಿ. ಊರಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು ಕೇಳಿದರೆ ಜನ ಸಾಲದ ಪತ್ರ ನೆನೆದು ಹೆದರುತ್ತಾರೆ. ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಮೊದಲೇ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯಿಂದ ಅನುಮತಿ ಪಡೆಯಿರಿ.

8. ಆ ಹಾಳೆ ಈಗ ತೆರೆಯಿರಿ

ಸಂದರ್ಶನಗಳಿಗೆ ಕೋಡ್ ಹಾಕಿ (ಯಾವ ಮಾತು ಯಾವುದರ ಬಗ್ಗೆ ಅಂತ ಚಿಕ್ಕ ಗುರುತು ಹಚ್ಚಿ), ವಿಷಯಗಳನ್ನು ಗುಂಪು ಮಾಡಿದ ಮೇಲೆ ಮಡಚಿಟ್ಟ ಹಾಳೆ ತೆಗೆಯಿರಿ. ನೀವು ಆಸೆಪಟ್ಟದ್ದೂ ಈಗ ಸಿಕ್ಕಿದ್ದೂ ಪಡಿಯಚ್ಚಿನ ಹಾಗಿದ್ದರೆ ಖುಷಿಪಡಬೇಡಿ. ನಿಮ್ಮ ತೀರ್ಮಾನಕ್ಕೆ ವಿರುದ್ಧ ಹೋಗುವ ಸಂದರ್ಶನಗಳನ್ನು ಹುಡುಕಿ, ಅವುಗಳಿಗೆ ಒಂದಿಡೀ ದಿನ ಕೊಡಿ. ನಿಮಗಿಂತ ಬೇರೆ ಜಾತಿ, ಬೇರೆ ಲಿಂಗ, ಬೇರೆ ವಿಷಯದ ಗೆಳೆಯರಿಗೆ ಹೆಸರು ತೆಗೆದ ಒಂದೆರಡು ಸಂದರ್ಶನ ಓದಲು ಕೊಟ್ಟು, ಅವರು ಎಲ್ಲಿ ತಡೆದು ನಿಂತರು ಅಂತ ಕೇಳಿ.

ಕಂಡುಕೊಂಡದ್ದನ್ನು ಊರಿನವರಿಗೆ ಓದಿ ಹೇಳಬೇಕು ಅಂತ ಪಠ್ಯಗಳು ಹೇಳುತ್ತವೆ. ಒಳ್ಳೆಯದೇ. ಆದರೆ ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿ ಓದಿದರೆ ದೊಡ್ಡವರು ‘ಸರಿಯೈತೆ’ ಅನ್ನುತ್ತಾರೆ, ಉಳಿದವರು ಎದ್ದು ಹೋಗುತ್ತಾರೆ. ಓಣಿ ಓಣಿಗೆ ಹೋಗಿ, ಸಣ್ಣ ಗುಂಪಿನಲ್ಲಿ, ಹೆಂಗಸರಿಗೆ ಬೇರೆಯಾಗಿ ಓದಿ.

9. ಬರೆಯುವಾಗ

ಮೂರನೇ ಅಧ್ಯಾಯದ ಬಯೋಡೇಟಾ ಪ್ಯಾರಾ ಇರಲಿ ಬಿಡಿ, ಪರೀಕ್ಷಕರು ಕೇಳುತ್ತಾರೆ. ಆದರೆ ಅಸಲು ವಿಷಯ ಫಲಿತಾಂಶದ ಅಧ್ಯಾಯದಲ್ಲಿ, ಆಯಾ ಜಾಗದಲ್ಲೇ ಬರಬೇಕು. ‘ಗ್ರಾಮಸ್ಥರು ಶಿಬಿರದ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು’ ಅನ್ನುವುದರ ಬದಲು ಹೀಗೆ ಬರೆದು ನೋಡಿ: ‘ಕಾಲೇಜಿನ ಉಪನ್ಯಾಸಕರ ಜೊತೆ ನಾನು ಹೋದಾಗ ಮಾತಾಡಿದವರೆಲ್ಲ ಶಿಬಿರ ಚೆನ್ನಾಗಿತ್ತು ಅಂದರು. ಆಶಾ ಕಾರ್ಯಕರ್ತೆಯ ಜೊತೆ ಹೋದಾಗ ಅದೇ ಓಣಿಯ ಹೆಂಗಸರು, ಆ ವಾರ ಶಾಲೆಯ ನಲ್ಲಿಯ ನೀರು ತಮಗೆ ಸಿಗಲಿಲ್ಲ ಅಂದರು.’ ಓದುಗರಿಗೆ ತೂಕ ಹಾಕಲು ಈಗ ಏನೋ ಸಿಕ್ಕಿತು ಅಲ್ವಾ?

ಇನ್ನೊಂದು ಕಡೆಗೆ ಜಾರುವವರೂ ಇದ್ದಾರೆ. ಪುಟಗಟ್ಟಲೆ ತಮ್ಮ ತಳಮಳ, ತಮ್ಮ ಪಶ್ಚಾತ್ತಾಪ. ಊರು ಎಲ್ಲೋ ಹಿಂದೆ ಉಳಿಯುತ್ತದೆ. ನಿಮ್ಮ ಬಗ್ಗೆ ಬರೆದ ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ ಇಡಿ: ಇದು ಊರಿನ ಬಗ್ಗೆ ಏನಾದರೂ ತಿಳಿಸುತ್ತದಾ? ಇಲ್ಲದಿದ್ದರೆ ಹೊಡೆದುಹಾಕಿ.

ಹೆಸರು ಬದಲಾಯಿಸಿದರೆ ಗುರುತು ಮುಚ್ಚಿತು ಅಂತ ನಂಬಬೇಡಿ. ಸಣ್ಣ ಹಟ್ಟಿಯಲ್ಲಿ ‘ಮಾಜಿ ಅಧ್ಯಕ್ಷೆ, ವಿಧವೆ’ ಅಂದರೆ ಎಲ್ಲರಿಗೂ ಗೊತ್ತು. ಊರಿನ ಹೆಸರು ತೆಗೆಯಿರಿ, ಹುದ್ದೆ ಮಸುಕು ಮಾಡಿ, ಬೇಕಾದರೆ ಒಬ್ಬರ ಮಾತನ್ನು ಎರಡು ಕಡೆ ಹಂಚಿ, ಹಾಗೆ ಮಾಡಿದ್ದೀರಿ ಅಂತ ವಿಧಾನದ ಅಧ್ಯಾಯದಲ್ಲಿ ಹೇಳಿ. ಕ್ಯಾಂಪ್‌ನ ಗ್ರೂಪ್ ಫೋಟೋ ಪ್ರಬಂಧದಲ್ಲಿ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ, ಮಾಡಿದ ಮರೆಯೆಲ್ಲ ಅದರಲ್ಲಿ ಹೋಗುತ್ತದೆ. ಬಲಪುಟದಲ್ಲಿ ಜನರ ಮೇಲಿನ ನಿಮ್ಮ ಸಿಟ್ಟು ಹೆಸರು ಸಮೇತ ಇರುತ್ತದೆ. ಅದರ ಫೋಟೋ ವಾಟ್ಸಾಪ್‌ನಲ್ಲಿ ಗೈಡ್‌ಗೆ ಕಳಿಸಬೇಡಿ. ವೈವಾಗೆ ಬೇಕಾದ ಭಾಗಗಳನ್ನು ಹೆಸರಿಲ್ಲದೆ ಬೇರೆ ಟೈಪ್ ಮಾಡಿಟ್ಟುಕೊಂಡು, ನೋಟ್‌ಬುಕ್ ಬೀರುವಿನಲ್ಲಿ ಬೀಗ ಹಾಕಿ ಇಡಿ.